ಕೆಳಗಡೆ ಒಂದು ರೂಮು ಹಾಕಿಸಿದರೆ ಇಡೀ ಮನೆಯ ಕಂದಾಯ ಏರುತ್ತದೆಯೇ?

ಕಳೆದ ಯುಗಾದಿಯ ದಿನ ಒಬ್ಬಟ್ಟು ಕೊಡಲೆಂದು ಎದುರು ಮನೆಗೆ ಹೋಗಿದ್ದೆ. ಗೆಳತಿಯ ಅಮ್ಮ ಮೈಸೂರಿನಿಂದ ಬಂದು ಆರು ವಾರವಾಗಿತ್ತು. ಮಹಡಿ ಮೆಟ್ಟಿಲಿನ ಅರ್ಧದಲ್ಲಿ ಕೂತು, ಕಂಬಿ ಹಿಡಿದು ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಆ ಮನೆಯ ಮಲಗುವ ಕೋಣೆಗಳೆಲ್ಲ ಮೇಲೆಯೇ ಇವೆ. ಕೆಳಗೆ ಸ್ನಾನಕ್ಕೆ ಜಾಗವಿಲ್ಲ.

"ಕೆಳಗೊಂದು ರೂಮು ಹಾಕಿಸಬಾರದೇನೆ?" ಅಂದೆ.

"ದುಡ್ಡು ಹೇಗೋ ಹೊಂದಿಸಬಹುದು ಅಕ್ಕ. ಆದರೆ ರೂಮು ಕಟ್ಟಿಸಿದರೆ ಇಡೀ ಮನೆಗೆ ಈಗಿನ ರೇಟು ಹಾಕ್ತಾರಂತಲ್ಲ! ನಾವು 2010ರಲ್ಲಿ ತಗೊಂಡ ಮನೆ. ಟ್ಯಾಕ್ಸು ಮೂರು ಪಟ್ಟಾದರೆ ಪ್ರತಿ ವರ್ಷ ಕಟ್ಟೋದು ಹೇಗೆ?"

ಯಾರೋ ಹೇಳಿದ ಈ ಮಾತನ್ನು ನಂಬಿ ಅವಳು ಎರಡು ವರ್ಷ ಸುಮ್ಮನಿದ್ದಳು. ಕ್ಯಾಲಿಫೋರ್ನಿಯಾದ ಮಟ್ಟಿಗೆ ಆ ಮಾತು ತಪ್ಪು. ಇಲ್ಲಿರುವ ನಮ್ಮವರ ಬಾಯಲ್ಲಿ ಇದು ಮತ್ತೆ ಮತ್ತೆ ಕೇಳಿಬರುತ್ತದೆ. ಅದಕ್ಕೆ ಹೆದರಿ ಎಷ್ಟೋ ಮನೆಗಳಲ್ಲಿ ಎಪ್ಪತ್ತು ದಾಟಿದವರು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತುತ್ತಿದ್ದಾರೆ. ನಾವು 2022ರಲ್ಲಿ ನಮ್ಮ ಮಾವನವರಿಗಾಗಿ ಕೆಳಗೆ ಒಂದು ಕೋಣೆ, ಒಂದು ಬಚ್ಚಲು ಹಾಕಿಸಿದೆವು. ಆಗ ಬಂದ ಕಾಗದಪತ್ರಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಆ ಫೈಲನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕದ ಬುಡ ಎಲ್ಲಿದೆ ನೋಡೋಣ. 1978ರ ಜೂನ್ 6ರಂದು ಇಲ್ಲಿನ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕುವ ಪ್ರೊಪೊಸಿಷನ್ 13 ಎಂಬ ಪ್ರಸ್ತಾವವನ್ನು ಒಪ್ಪಿದರು. ಅಂದಿನಿಂದ ನೀವು ಮನೆ ಕೊಂಡ ದಿನದ ಬೆಲೆಯೇ ನಿಮ್ಮ ತೆರಿಗೆಯ ತಳಹದಿ. ಅದಕ್ಕೆ ಬೇಸ್ ಇಯರ್ ವ್ಯಾಲ್ಯೂ ಅನ್ನುತ್ತಾರೆ. ಮಾರುಕಟ್ಟೆ ಎಷ್ಟೇ ಮೇಲೇರಲಿ, ಈ ತಳಹದಿ ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮೂಲ ತೆರಿಗೆ ನೂರಕ್ಕೆ 1. ಅದರ ಮೇಲೆ ಊರಿನವರು ಮತ ಹಾಕಿ ಒಪ್ಪಿಕೊಂಡ ಶಾಲೆ, ನೀರು ಮುಂತಾದ ಬಾಂಡುಗಳದ್ದು ಚೂರುಪಾರು ಸೇರುತ್ತದೆ. ಮತ್ತೆ ಬೆಲೆ ಕಟ್ಟುವ ಸಂದರ್ಭ ಮುಖ್ಯವಾಗಿ ಎರಡು: ಮನೆ ಕೈ ಬದಲಾದಾಗ, ಮತ್ತು ಹೊಸದಾಗಿ ಏನಾದರೂ ಕಟ್ಟಿದಾಗ. ಈ ಎರಡನೆಯದರಲ್ಲಿ ಬೆಲೆ ಕಟ್ಟುವುದು ಹೊಸದಾಗಿ ಸೇರಿದ ಭಾಗಕ್ಕೆ ಮಾತ್ರ. ಹಳೆಯ ಮನೆ, ಅದರ ಕೆಳಗಿನ ನೆಲ, ಎರಡೂ ತಮ್ಮ ಹಳೆಯ ತಳಹದಿಯಲ್ಲೇ ಉಳಿಯುತ್ತವೆ.

ನಮ್ಮ ಮನೆಯ ಲೆಕ್ಕವನ್ನೇ ಕೊಡುತ್ತೇನೆ. 2011ರಲ್ಲಿ 7 ಲಕ್ಷ ಡಾಲರಿಗೆ ಕೊಂಡೆವು. 2022ರ ಹೊತ್ತಿಗೆ ಕೌಂಟಿಯ (ನಮ್ಮ ಜಿಲ್ಲೆಯಿದ್ದಂತೆ) ತೆರಿಗೆ ಪುಸ್ತಕದಲ್ಲಿ ಅದು ಸುಮಾರು 8 ಲಕ್ಷ 45 ಸಾವಿರವಾಗಿತ್ತು. ನಮ್ಮಲ್ಲಿ ಎಲ್ಲ ಸೇರಿ ತೆರಿಗೆ ನೂರಕ್ಕೆ 1.2ರ ಆಸುಪಾಸು, ಅಂದರೆ ವರ್ಷಕ್ಕೆ 10,100 ಡಾಲರ್. ಅದೇ ಬೀದಿಯಲ್ಲಿ ಅಷ್ಟೇ ದೊಡ್ಡ ಮನೆ ಆ ವರ್ಷ 20 ಲಕ್ಷಕ್ಕೆ ಮಾರಾಟವಾಯಿತು. ಗೆಳತಿ ಹೆದರಿದಂತೆ ಇಡೀ ಮನೆಗೆ ಹೊಸ ಬೆಲೆ ಕಟ್ಟಿದ್ದರೆ ನಮ್ಮ ತೆರಿಗೆ 24,000ಕ್ಕೆ ಹಾರಬೇಕಿತ್ತು. ನಿಜವಾಗಿ ಏರಿದ್ದು 1,843 ಡಾಲರ್. ಅದೇನು ಸಣ್ಣ ಮೊತ್ತ ಅನ್ನುತ್ತಿಲ್ಲ. ಆದರೆ ತಿಂಗಳಿಗೆ 154 ಡಾಲರ್ ಅಂದರೆ ಕೂತು ಯೋಚಿಸಿ ತೀರ್ಮಾನ ಮಾಡಬಹುದಾದ ಮೊತ್ತ.

ಇನ್ನು, ಯಾವುದು ಹೊಸದು, ಯಾವುದು ಬರೀ ರಿಪೇರಿ? ಗೊಂದಲ ಹೆಚ್ಚಾಗುವುದು ಇಲ್ಲಿಯೇ.

ಹಳೆಯದು ಸವೆದಿದ್ದಕ್ಕೆ ಅದೇ ಜಾಗದಲ್ಲಿ ಅದೇ ಕೆಲಸಕ್ಕೆ ಬೇರೆಯದನ್ನು ಹಾಕಿದರೆ ಅದು ನಿರ್ವಹಣೆ. ಚಾವಣಿಯ ಹೊದಿಕೆ ಬದಲಾಯಿಸುವುದು, ಬಣ್ಣ, ಕಿಟಕಿ, ನೆಲಹಾಸು, ಅಡುಗೆಮನೆಯ ಕಪಾಟು, ಕಲ್ಲು, ಸಿಂಕು, ಹೀಟರು, ಇವಕ್ಕೆ ಸಾಮಾನ್ಯವಾಗಿ ತೆರಿಗೆ ಏರುವುದಿಲ್ಲ. ಸಿಟಿಯ ಪರ್ಮಿಟ್ (ಕಟ್ಟುವ ಪರವಾನಗಿ) ತೆಗೆದುಕೊಂಡು ಮಾಡಿಸಿದರೂ ಏರುವುದಿಲ್ಲ. "ಪರ್ಮಿಟ್ ತಗೊಂಡ್ರೆ ಟ್ಯಾಕ್ಸು ಬಂತು ಅಂತಲೇ ಲೆಕ್ಕ" ಅನ್ನುವವರ ಮಾತು ಕೇಳಬೇಡಿ. ಆ ಕಾಗದ ಅಸೆಸರ್ ಕಚೇರಿಗೆ, ಅಂದರೆ ಆಸ್ತಿಗಳಿಗೆ ಬೆಲೆ ಕಟ್ಟುವ ಕೌಂಟಿ ಕಚೇರಿಗೆ, ಹೋಗುವುದು ನಿಜ. ಹೋದ ಕಾಗದಕ್ಕೆಲ್ಲ ಅವರು ಬೆಲೆ ಕಟ್ಟುವುದಿಲ್ಲ.

ಇಲ್ಲದಿದ್ದದ್ದು ಬಂದರೆ ಅದು ಹೊಸದು. ಹೆಚ್ಚುವರಿ ಕೋಣೆ, ಹೆಚ್ಚುವರಿ ಬಚ್ಚಲು, ಈಜುಕೊಳ, ಹಿತ್ತಲಿನ ಮರದ ಜಗಲಿ, ಹಿಂದುಗಡೆ ಕಟ್ಟುವ ಪುಟ್ಟ ಮನೆ (ಎಡಿಯು ಅನ್ನುತ್ತಾರಲ್ಲ, ಅದು) ಎಲ್ಲವೂ ಇದರಲ್ಲಿ ಬರುತ್ತವೆ. ಗೋಡೆ ಒಂದಿಂಚೂ ಮುಂದೆ ಹೋಗದಿದ್ದರೂ ಬಳಕೆ ಬದಲಾದರೆ ಅದೂ ಹೊಸದೇ. ಗರಾಜನ್ನು ಮಲಗುವ ಕೋಣೆ ಮಾಡಿದವರು ಇದನ್ನು ಮರೆಯುತ್ತಾರೆ.

ಇವೆರಡರ ನಡುವೆ ಮೂರನೆಯದೊಂದು ಇದೆ. ಒಳಗಿನದೆಲ್ಲವನ್ನೂ ಬಿಚ್ಚಿ, ಅಸ್ಥಿಪಂಜರ ಮಾತ್ರ ಉಳಿಸಿ, ವೈರು, ಕೊಳವೆ, ಗೋಡೆ ಎಲ್ಲ ಹೊಸದಾಗಿ ಹಾಕಿದರೆ ಆ ಭಾಗ "ಹೊಸದಕ್ಕೆ ಸಮ" ಎಂದು ರಾಜ್ಯದ ನಿಯಮ ಹೇಳುತ್ತದೆ. ಆಗ ಆ ಭಾಗಕ್ಕೆ ಹೊಸ ಬೆಲೆ. ಒಂದು ಗೋಡೆ ಬಿಟ್ಟುಕೊಂಡು ಮಿಕ್ಕದ್ದೆಲ್ಲ ಕೆಡವಿದರೆ ತಪ್ಪಿಸಿಕೊಳ್ಳಬಹುದು ಎಂಬ ಸಲಹೆಯನ್ನು ನಾನೂ ಕೇಳಿದ್ದೇನೆ. ನಂಬಬೇಡಿ. ಪೂರ್ತಿ ಕೆಡವಿ ಕಟ್ಟಿದರೂ ನೆಲದ ತಳಹದಿ ಮಾತ್ರ ಹಳೆಯದೇ ಉಳಿಯುತ್ತದೆ. ನಾವಿರುವ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸೀಮೆಯಲ್ಲಿ (ಬೇ ಏರಿಯಾ) ಮನೆಗಿಂತ ನೆಲಕ್ಕೇ ಬೆಲೆ ಹೆಚ್ಚು, ಅಷ್ಟು ಸಮಾಧಾನವಿದೆ.

ಕೆಲಸ ಶುರುವಾಗುವ ಮುನ್ನ ಮಾಡಬೇಕಾದದ್ದರಲ್ಲಿ ಎರಡನ್ನು ಒತ್ತಿ ಹೇಳುತ್ತೇನೆ.

ಒಂದು, ಹಳೆಯ ಮನೆಯ ಅಳತೆ ಮತ್ತು ಫೋಟೊ. ಸುತ್ತಿಗೆ ಬೀಳುವ ಮೊದಲು ಪ್ರತಿ ಕೋಣೆಯ ನಾಲ್ಕೂ ಗೋಡೆ, ಬಚ್ಚಲು, ಹಿತ್ತಲು, ಎಲ್ಲದರ ಫೋಟೊ ತೆಗೆಯಿರಿ. ತಾರೀಖು ಗೊತ್ತಾಗುವಂತಿರಲಿ. ಒಡೆದ ಮೇಲೆ ಹಳೆಯದು ಹೇಗಿತ್ತು ಎಂದು ತೋರಿಸಲು ನಿಮ್ಮ ಹತ್ತಿರ ಬೇರೇನೂ ಇರುವುದಿಲ್ಲ.

ಎರಡು, ಬಿಲ್ಲನ್ನು ಬೇರೆ ಬೇರೆ ಮಾಡಿಸಿ. ನಾವು ಕೋಣೆಯ ಜೊತೆಗೇ ಅಡುಗೆಮನೆಯನ್ನೂ ಸರಿಮಾಡಿಸಿದೆವು. ಕಂಟ್ರಾಕ್ಟರು ಮೊದಲು ಕೊಟ್ಟದ್ದು 2 ಲಕ್ಷ 90 ಸಾವಿರದ ಒಂದೇ ಸಾಲಿನ ಬಿಲ್ಲು. ನಮ್ಮನೆಯವರು "ಆಯ್ತು ಬಿಡು" ಅಂದರು. ನಾನು ಬಿಡಲಿಲ್ಲ. ಊರಿನಲ್ಲಿದ್ದಾಗ ಹತ್ತು ವರ್ಷ ಆಡಿಟರ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು. ಕೋಣೆ ಮತ್ತು ಬಚ್ಚಲಿಗೆ 2 ಲಕ್ಷ 10 ಸಾವಿರ, ಅಡುಗೆಮನೆಗೆ 80 ಸಾವಿರ ಎಂದು ಬೇರೆ ಮಾಡಿಸಿಕೊಂಡೆ. ಆಮೇಲೆ ಅಸೆಸರ್ ಕಚೇರಿಯಿಂದ ಏನು ಕಟ್ಟಿದಿರಿ, ಎಷ್ಟು ಖರ್ಚಾಯಿತು ಎಂದು ಕೇಳುವ ಪ್ರಶ್ನಾವಳಿ ಬಂದಾಗ ಆ ಎರಡು ಸಾಲು ಬಹಳ ಉಪಯೋಗಕ್ಕೆ ಬಂದವು. ಅಡುಗೆಮನೆಯಲ್ಲಿ ಇದ್ದದ್ದನ್ನೇ ಬದಲಾಯಿಸಿದ್ದು. ಅದು ಲೆಕ್ಕಕ್ಕೆ ಬರಲೇ ಇಲ್ಲ. ಇನ್ನೊಂದು ಮಾತು, ನೀವು ಸುರಿದ ಖರ್ಚೇ ಅವರು ಕಟ್ಟುವ ಬೆಲೆಯಲ್ಲ. ಆ ಹೊಸ ಭಾಗದಿಂದ ಮನೆಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಕೂಡಿತು ಎಂಬುದು ಅವರ ಅಳತೆ. ಖರ್ಚು ಅದಕ್ಕೊಂದು ಆಧಾರ ಅಷ್ಟೆ.

ನಮ್ಮಂತೆ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇರುವ ಕಮ್ಯುನಿಟಿಯಲ್ಲಿದ್ದರೆ ಒಪ್ಪಿಗೆ ಎರಡು ಕಡೆ ಬೇಕು. ಎಚ್‌ಒಎ ಸಮಿತಿ ಹೂಂ ಅಂದರೆ ಸಿಟಿ ಪರ್ಮಿಟ್ ಬೇಡ ಅಂತಲ್ಲ, ಸಿಟಿ ಕೊಟ್ಟರೆ ಎಚ್‌ಒಎ ಬೇಡ ಅಂತಲೂ ಅಲ್ಲ. ತಿಂಗಳು ತಿಂಗಳು ಕಟ್ಟುವ ಎಚ್‌ಒಎ ಹಣಕ್ಕೂ ಆಸ್ತಿ ತೆರಿಗೆಗೂ ಸಂಬಂಧವಿಲ್ಲ. ಪಕ್ಕದ ಮನೆಯವರು ರೂಮು ಕಟ್ಟಿಸಿದರೆ ನಿಮ್ಮ ತೆರಿಗೆಯೂ ಏರುವುದಿಲ್ಲ. ನಮ್ಮ ಬೀದಿಯಲ್ಲಿ ಈ ಕಾರಣಕ್ಕೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ತಕರಾರು ತೆಗೆದದ್ದನ್ನು ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ. ಪರ್ಮಿಟ್ ಇಲ್ಲದೆ ಕಟ್ಟಿಸಿದರೆ ತೆರಿಗೆ ತಪ್ಪುತ್ತದೆ ಎಂಬುದೂ ಸುಳ್ಳು. ಗೊತ್ತಾದ ದಿನ ಹಿಂದಿನ ವರ್ಷಗಳದ್ದನ್ನೂ ಸೇರಿಸಿ ವಸೂಲು ಮಾಡುತ್ತಾರೆ. ಅದಕ್ಕೆ ಎಸ್ಕೇಪ್ ಅಸೆಸ್‌ಮೆಂಟ್ ಎಂಬ ಹೆಸರೇ ಇದೆ. ವೈರು ಸರಿಯಿಲ್ಲದ ಕೋಣೆಯಲ್ಲಿ ವಯಸ್ಸಾದವರನ್ನು ಮಲಗಿಸುವ ಅಪಾಯ ಬೇರೆ.

ತಾರೀಖುಗಳ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಜನವರಿ 1 ಇಲ್ಲಿ ಮುಖ್ಯ ದಿನ. ಆ ದಿನ ಕೆಲಸ ಅರ್ಧಕ್ಕೆ ನಿಂತಿದ್ದರೆ ಆ ಅರ್ಧದ ಬೆಲೆಯನ್ನು ಸೇರಿಸುತ್ತಾರೆ, ಪೂರ್ತಿಯಾದ ಮೇಲೆ ಪೂರ್ತಿ ಬೆಲೆ ಕಟ್ಟುತ್ತಾರೆ. ಕೆಲಸ ಮುಗಿದಾಗ ಒಂದು ಬೇರೆ ಬಿಲ್ಲು ಬರುತ್ತದೆ. ಅದೇ ಸಪ್ಲಿಮೆಂಟಲ್ ಬಿಲ್ಲು. 1983ರಿಂದ ಇದು ಜಾರಿಯಲ್ಲಿದೆ. ಮುಗಿದ ತಿಂಗಳ ಮುಂದಿನ ತಿಂಗಳ 1ರಿಂದ ತೆರಿಗೆ ವರ್ಷ ಮುಗಿಯುವ ಜೂನ್ 30ರವರೆಗಿನ ತೆರಿಗೆ ಅದರಲ್ಲಿರುತ್ತದೆ. ನಮ್ಮ ಕಡೆಯ ಇನ್‌ಸ್ಪೆಕ್ಷನ್ ಆದದ್ದು ಅಕ್ಟೋಬರಿನಲ್ಲಿ. ಹಾಗಾಗಿ ನವೆಂಬರಿನಿಂದ ಎಂಟು ತಿಂಗಳದ್ದು, ವರ್ಷದ ಮೊತ್ತದ ನೂರಕ್ಕೆ 67. ಜನವರಿಯಿಂದ ಮೇ ತಿಂಗಳೊಳಗೆ ಮುಗಿದರೆ ಎರಡು ಸಪ್ಲಿಮೆಂಟಲ್ ಬಿಲ್ಲು ಬರುತ್ತವೆ, ನಡೆಯುತ್ತಿರುವ ತೆರಿಗೆ ವರ್ಷಕ್ಕೊಂದು, ಮುಂದಿನ ತೆರಿಗೆ ವರ್ಷಕ್ಕೊಂದು. ಎರಡನೆಯದು ಬಂದಾಗ ತಪ್ಪಾಗಿ ಎರಡು ಸಲ ಹಾಕಿದ್ದಾರೆ ಎಂದು ಗಾಬರಿಯಾಗಬೇಡಿ.

ಬಿಲ್ಲಿಗಿಂತ ಮೊದಲು ಒಂದು ನೋಟಿಸು ಬರುತ್ತದೆ. ಅದನ್ನು ದಯವಿಟ್ಟು ಜಾಹೀರಾತಿನ ಕಾಗದಗಳ ಜೊತೆ ಪಕ್ಕಕ್ಕಿಡಬೇಡಿ. ಹೊಸ ಭಾಗಕ್ಕೆ ಎಷ್ಟು ಬೆಲೆ ಕಟ್ಟಿದ್ದಾರೆ ಎಂಬುದು ಅದರಲ್ಲಿರುತ್ತದೆ, ಮತ್ತು ತಕರಾರು ಸಲ್ಲಿಸಲು ಅದನ್ನು ಅಂಚೆಗೆ ಹಾಕಿದ ದಿನದಿಂದ 60 ದಿನ ಮಾತ್ರ ಗಡುವು.

ನಮ್ಮ ನೋಟಿಸಿನಲ್ಲಿ ಇದ್ದದ್ದು 1 ಲಕ್ಷ 92 ಸಾವಿರ. ನೋಡಿದ ಕೂಡಲೇ ಜಾಸ್ತಿ ಅನ್ನಿಸಿತು, ಏಕೆ ಅಂತ ತಿಳಿಯಲಿಲ್ಲ. ಮರುದಿನ ಬೆಳಗ್ಗೆ ಅಸೆಸರ್ ಕಚೇರಿಗೆ ಫೋನು ಮಾಡಿ, "ಎಷ್ಟು ಚದರಡಿಗೆ ಕಟ್ಟಿದ್ದೀರಿ?" ಅಂತ ಇದೊಂದನ್ನೇ ಕೇಳಿದೆ. 400 ಅಂದರು. ನಮ್ಮ ಕೋಣೆ ಇರುವುದು 320. ಆಗ ಹೊಳೆಯಿತು. ಮೊದಲ ನಕ್ಷೆಯಲ್ಲಿ 400 ಚದರಡಿ ಇತ್ತು. ಪಕ್ಕದ ಬೇಲಿಗೆ ಹತ್ತಿರವಾಯಿತೆಂದು ಎಚ್‌ಒಎ ಸಮಿತಿ ಹೇಳಿದ್ದರಿಂದ ಗೋಡೆಯನ್ನು ಹಿಂದಕ್ಕೆ ಎಳೆದು ಸಿಟಿಯಲ್ಲಿ ನಕ್ಷೆ ತಿದ್ದಿಸಿದ್ದೆವು. ತಿದ್ದಿದ ನಕ್ಷೆ ಅವರ ಫೈಲಿಗೆ ಹೋಗಿರಲಿಲ್ಲ. ಸಿಟಿಯ ಮುದ್ರೆಯಿದ್ದ ಹೊಸ ನಕ್ಷೆ, ಕಡೆಯ ಇನ್‌ಸ್ಪೆಕ್ಷನ್ನಿನ ಕಾರ್ಡು, ಟೇಪು ಹಿಡಿದು ತೆಗೆದ ಎರಡು ಫೋಟೊ, ಇಷ್ಟನ್ನು ಅಲ್ಲಿ ಬೆಲೆ ಕಟ್ಟುವ ಅಧಿಕಾರಿಗೆ (ಅಪ್ರೈಸರ್) ಇಮೇಲ್ ಮಾಡಿದೆ. ಮೂರು ವಾರದಲ್ಲಿ ಬೆಲೆಯನ್ನು 1 ಲಕ್ಷ 53 ಸಾವಿರದ 600ಕ್ಕೆ ಇಳಿಸಿ ಕಾಗದ ಬಂತು. ಚದರಡಿಗೆ 480ರ ದರ ಹಾಗೇ ಇತ್ತು, 80 ಚದರಡಿ ಹೋಗಿತ್ತು. ವರ್ಷಕ್ಕೆ 460 ಡಾಲರ್ ಉಳಿಯಿತು, ನಾವು ಈ ಮನೆಯಲ್ಲಿರುವಷ್ಟು ವರ್ಷವೂ.

ಹೀಗೆ ಮಾತಿನಲ್ಲೇ ಬಗೆಹರಿಯುವುದು ಒಳ್ಳೆಯದೇ. ಆದರೆ ನೀವು ಅವರೊಡನೆ ಮಾತಾಡುತ್ತಿದ್ದೀರಿ ಎಂದು ಆ 60 ದಿನದ ಗಡುವು ನಿಲ್ಲುವುದಿಲ್ಲ. ಐವತ್ತನೆಯ ದಿನದವರೆಗೂ ಉತ್ತರ ಬಾರದಿದ್ದರೆ ಬಿಒಇ-305-ಎಎಚ್ ಎಂಬ ಅರ್ಜಿಯನ್ನು ಕೌಂಟಿಯ ಮೇಲ್ಮನವಿ ಮಂಡಳಿಗೆ ಸಲ್ಲಿಸಿಬಿಡಿ. ಆಮೇಲೆ ಬಗೆಹರಿದರೆ ವಾಪಸು ತೆಗೆದುಕೊಳ್ಳಬಹುದು. ಮೇಲ್ಮನವಿ ಹಾಕಿದ್ದೇವೆಂದು ಬಿಲ್ಲು ಕಟ್ಟದೆ ಇರಬೇಡಿ. ಮೊದಲು ಕಟ್ಟಿ, ಗೆದ್ದರೆ ಹಣ ಹಿಂದಿರುಗುತ್ತದೆ. ಮಂಡಳಿ ಬೆಲೆಯನ್ನು ಏರಿಸಲೂಬಹುದು, ಹಾಗಾಗಿ ಕೈಯಲ್ಲಿ ಆಧಾರ ಇಟ್ಟುಕೊಂಡೇ ಹೋಗಬೇಕು. 60 ದಿನ ಕಳೆದುಹೋಗಿದ್ದರೂ ಪೂರ್ತಿ ಬಾಗಿಲು ಮುಚ್ಚಿಲ್ಲ. ಹೊಸ ತಳಹದಿ ಪುಸ್ತಕಕ್ಕೆ ಏರಿದ ವರ್ಷ ಅಥವಾ ಅದರ ಮುಂದಿನ ಮೂರು ವರ್ಷಗಳಲ್ಲಿ, ವಾರ್ಷಿಕ ಅರ್ಜಿಯ ಅವಧಿಯಲ್ಲಿ ಅದನ್ನು ಪ್ರಶ್ನಿಸಬಹುದು. ಆ ಅವಧಿ ಜುಲೈ 2ಕ್ಕೆ ಶುರುವಾಗುತ್ತದೆ. ಸಾಂತಾ ಕ್ಲಾರಾ, ಅಲಮೀಡಾ ಕೌಂಟಿಗಳಲ್ಲಿ ಸೆಪ್ಟೆಂಬರ್ 15ಕ್ಕೆ ಮುಗಿದರೆ ಕಾಂಟ್ರಾ ಕೋಸ್ಟಾದಲ್ಲಿ ನವೆಂಬರ್ 30ಕ್ಕೆ.

ನೋಟಿಸಿನಲ್ಲಿ ಜಾಗ್ರತೆ ವಹಿಸಿದ ನಾನು ಬಿಲ್ಲಿನಲ್ಲಿ ಎಡವಿದೆ. ನಮ್ಮ ಆಸ್ತಿ ತೆರಿಗೆಯನ್ನು ಸಾಲ ಕೊಟ್ಟ ಬ್ಯಾಂಕೇ ಎಸ್ಕ್ರೋ ಖಾತೆಯಿಂದ (ಸಾಲದ ಕಂತಿನ ಜೊತೆ ನಾವು ತುಂಬುವ ತೆರಿಗೆ ಹಣ ಇರುವ ಖಾತೆ) ಕಟ್ಟುತ್ತದೆ. ಸಪ್ಲಿಮೆಂಟಲ್ ಬಿಲ್ಲನ್ನೂ ಅವರೇ ಕಟ್ಟುತ್ತಾರೆಂದು ತಿಳಿದು ಫೈಲಿಗೆ ಸೇರಿಸಿ ಮರೆತೆ. ಆ ಬಿಲ್ಲು ಬರುವುದು ಮನೆಯವರ ಹೆಸರಿಗೆ. ಸಾಮಾನ್ಯವಾಗಿ ಬ್ಯಾಂಕಿಗೆ ಅದರ ಪ್ರತಿ ಹೋಗುವುದಿಲ್ಲ. 1,235 ಡಾಲರಿನ ಬಿಲ್ಲಿನ ಮೊದಲ ಕಂತು ತಪ್ಪಿ, ಅದರ ಮೇಲೆ ನೂರಕ್ಕೆ 10 ದಂಡ ಬಿತ್ತು. ಅದರ ಗಡುವು ಮಾಮೂಲು ಬಿಲ್ಲಿನ ಡಿಸೆಂಬರ್ 10, ಏಪ್ರಿಲ್ 10 ಇರಬಹುದು, ಇಲ್ಲದೆಯೂ ಇರಬಹುದು. ನವೆಂಬರಿನಿಂದ ಜೂನಿನೊಳಗೆ ಅಂಚೆಗೆ ಹಾಕಿದ್ದಾದರೆ ಮೊದಲ ಕಂತಿಗೆ ಮುಂದಿನ ತಿಂಗಳ ಕೊನೆಯ ದಿನವೇ ಗಡುವು. ಬಂದ ದಿನವೇ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮರುವರ್ಷದಿಂದ ಹೊಸ ಕೋಣೆಯ ಮೊತ್ತ ಮಾಮೂಲು ಬಿಲ್ಲಿನಲ್ಲೇ ಸೇರಿ ಬರುತ್ತದೆ. ಆಗ ಎಸ್ಕ್ರೋ ಕಂತು ಏರುತ್ತದೆ, ಅದಕ್ಕೂ ತಯಾರಿರಿ.

ಹಿರಿಯರಿಗಾಗಿ ಕಟ್ಟಿಸುವವರು ಒಂದು ವಿನಾಯಿತಿಯನ್ನು ಕೇಳಿ ತಿಳಿದುಕೊಳ್ಳಲೇಬೇಕು. ಮನೆಯಲ್ಲಿ ಕಾಯಂ ವಾಸವಿರುವ, ತೀವ್ರವಾದ ಶಾಶ್ವತ ಅಂಗವೈಕಲ್ಯವಿರುವ ವ್ಯಕ್ತಿಯ ಅನುಕೂಲಕ್ಕೆಂದೇ ಮಾಡಿದ ಬದಲಾವಣೆಗೆ ಹೊಸ ಬೆಲೆ ಕಟ್ಟುವುದಿಲ್ಲ. ವೈದ್ಯರ ಪತ್ರ ಬೇಕು, ಬಿಒಇ-63 ಎಂಬ ನಮೂನೆ ತುಂಬಬೇಕು. ಕೆಲಸ ಮುಗಿಯುವ ಮುನ್ನವೇ ಅಸೆಸರ್ ಕಚೇರಿಗೆ ತಿಳಿಸಿಬಿಡಿ. ನಮ್ಮ ಮಾವನವರಿಗೆ ಇದು ಸಿಗಲಿಲ್ಲ. ಮಂಡಿ ನೋವಿನ ವಯಸ್ಸು ಅದಕ್ಕೆ ಸಾಲದು. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆಂದು ಬಂದು ಹೋಗುವ ಅಪ್ಪ ಅಮ್ಮ ಕಾಯಂ ವಾಸದ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಪಾರ್ಶ್ವವಾಯುವಿನಿಂದ ಗಾಲಿಕುರ್ಚಿ ಹಿಡಿದ ತಂದೆಯನ್ನು ಗ್ರೀನ್ ಕಾರ್ಡಿನ ಮೇಲೆ ಜೊತೆಯಲ್ಲೇ ಇಟ್ಟುಕೊಂಡವರು ನಮ್ಮಲ್ಲಿದ್ದಾರೆ. ಅವರು ಇದನ್ನು ಬಿಡಬಾರದು.

ಚಾವಣಿಯ ಸೋಲಾರ್ ಫಲಕಗಳಿಗೂ ಹೊಸ ಬೆಲೆ ಕಟ್ಟುವುದಿಲ್ಲ, ಆದರೆ ಆ ವಿನಾಯಿತಿಗೆ ಕಾನೂನಿನಲ್ಲಿ ಅವಧಿಯ ಮಿತಿ ಇದೆ, ಹಾಕಿಸುವ ಮುನ್ನ ಕೇಳಿ ತಿಳಿದುಕೊಳ್ಳಿ. ಭೂಕಂಪಕ್ಕೆ ತಡೆಯುವಂತೆ ಅಡಿಪಾಯ ಬಲಪಡಿಸಿದರೆ, ಮಳೆನೀರು ಹಿಡಿಯುವ ವ್ಯವಸ್ಥೆ ಹಾಕಿಸಿದರೆ ಅವಕ್ಕೂ ವಿನಾಯಿತಿ ಇದೆ. ಮಳೆನೀರಿನದ್ದು 2018ರಲ್ಲಿ ಮತದಾರರು ಒಪ್ಪಿದ್ದು.

ಟೆಕ್ಸಸ್‌ಗೆ ಹೋಗಿ ನೆಲೆಸಿದ ನೆಂಟರಿಗೆ ಇದನ್ನು ಕಳಿಸುವವರು ಒಂದು ಎಚ್ಚರಿಕೆಯನ್ನೂ ಜೊತೆಗೆ ಕಳಿಸಿ. ಅಲ್ಲಿನ ಪದ್ಧತಿಯೇ ಬೇರೆ. ಅಲ್ಲಿ ಪ್ರತಿ ವರ್ಷ ಜನವರಿ 1ರ ಮಾರುಕಟ್ಟೆ ಬೆಲೆ ನೋಡುತ್ತಾರೆ. ವಾಸದ ಮನೆಗೆ ವರ್ಷಕ್ಕೆ ನೂರಕ್ಕೆ 10ರ ಮಿತಿ ಇದ್ದರೂ ಹೊಸದಾಗಿ ಕಟ್ಟಿದ್ದು ಆ ಮಿತಿಯ ಹೊರಗೆ. ತಕರಾರಿಗೆ ಸಾಮಾನ್ಯವಾಗಿ ಮೇ 15 ಕೊನೆಯ ದಿನ. ಮೇಲಿನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಇದನ್ನೆಲ್ಲ ಗೆಳತಿಯ ಊಟದ ಮೇಜಿನ ಮೇಲೆ ಫೈಲು ಹರಡಿಕೊಂಡು ಹೇಳಿದೆ. ಅವಳ ಗಂಡ ತಮ್ಮ ಹಳೆಯ ಬಿಲ್ಲು ತಂದು ಪಕ್ಕಕ್ಕಿಟ್ಟುಕೊಂಡು ಲೆಕ್ಕ ಹಾಕಿದರು. 280 ಚದರಡಿಯ ಕೋಣೆ, ಬಚ್ಚಲಿಗೆ ಹೊಸ್ತಿಲಿಲ್ಲ, ಗೋಡೆಗೆ ಹಿಡಿಕೆ. ಎಚ್‌ಒಎ ಒಪ್ಪಿಗೆ ಬಂದು ತಿಂಗಳಾಯಿತು, ಸಿಟಿಯ ಪರ್ಮಿಟ್ ಈ ವಾರ ಕೈಗೆ ಸಿಕ್ಕಿದೆ. ನಿನ್ನೆ ಸಂಜೆ ಟೇಪು ತೆಗೆದುಕೊಂಡು ಹೋದೆ. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ. ಅವಳ ಅಮ್ಮ ಸೋಫಾದಲ್ಲಿ ಕೂತು ನಾವು ಕೂಗಿ ಹೇಳಿದ ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಂಡರು.